ಏಲಂ

ಮಂಗಳೂರಿನಲ್ಲಿ ಬಾಳುವವನಿಗೆ ಏಲಂ ಹೊಸತಲ್ಲ. ಬೆಳಗ್ಗೆ ಧಕ್ಕೆಗೆ ಹೋದರೆ ಬೂತಾಯಿ, ಬಂಗುಡೆಗಳ ಏಲಂ. ಗಣೇಶೋತ್ಸವ ಮುಗಿದರೆ ದೇವರ ಮುಂದಿಟ್ಟ ಹಣ್ಣುಕಾಯಿಗಳ ಏಲಂ. ಘಟ್ಟದ ಮೇಲಿನವರು ಹರಾಜು ಎನ್ನುವುದನ್ನು ನಾವು ಏಲಂ ಎನ್ನುತ್ತೇವೆ. ಹರಾಜು ಅರಬ್ಬರ ಮಾತು, ಏಲಂ ಪೋರ್ಚುಗೀಸರಿಂದ ಬಂದದ್ದು. ಮಾರುವುದಕ್ಕೂ ಕೊಳ್ಳುವುದಕ್ಕೂ ಅಚ್ಚಗನ್ನಡದ ಮಾತುಗಳಿರುವಾಗ, ಕೂಗಿ ಬೆಲೆ ಏರಿಸುವ ವಿದ್ಯೆಗೆ ಮಾತ್ರ ನಾವು ಹೆಸರನ್ನು ಕಡಲಾಚೆಯಿಂದ ತರಿಸಿಕೊಂಡೆವು. ಕನ್ನಡ ಮೇಷ್ಟರಿಗೆ ಇಂಥ ವಿಷಯ ಸಿಕ್ಕಿದರೆ ಒಂದು ವಾರದ ಊಟಕ್ಕೆ ಸಾಕು.

ಆದರೆ ಹೆಣ್ಣುಮಕ್ಕಳ ಏಲಂ ಎಂದಾಗ ನನಗೂ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಂತಾಯಿತು. 2023ರ ಫೆಬ್ರವರಿ 13ರಂದು ಮುಂಬಯಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿಗೆ ಮೊದಲ ಹರಾಜು ನಡೆಯಿತು. ಐದು ತಂಡಗಳು, ತಲಾ ಹನ್ನೆರಡು ಕೋಟಿಯ ಥೈಲಿ. ಸ್ಮೃತಿ ಮಂಧಾನಾ 3.4 ಕೋಟಿಗೆ ಬೆಂಗಳೂರಿನ ಪಾಲಾದಳು. ಸುತ್ತಿಗೆ ಹಿಡಿದು ಕೂಗಿದವರೂ ಹೆಂಗಸೇ, ಮಲ್ಲಿಕಾ ಸಾಗರ್. ಅದೇ ವರ್ಷ ಡಿಸೆಂಬರ್ 9ರ ಎರಡನೆಯ ಹರಾಜಿನಲ್ಲಿ ನಮ್ಮ ಕರ್ನಾಟಕದ ವೃಂದಾ ದಿನೇಶ್ ಎಂಬ ಹುಡುಗಿಗೆ ಹತ್ತು ಲಕ್ಷದಿಂದ ಕೂಗು ಹಿಡಿದು, ಉತ್ತರಪ್ರದೇಶದ ತಂಡ 1.3 ಕೋಟಿಗೆ ನಿಲ್ಲಿಸಿತು. ಭಾರತದ ಪರವಾಗಿ ಅವಳು ಅದುವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಆ ಸೋಮವಾರ ತರಗತಿಯಲ್ಲಿ ನನ್ನ ಪಾಠ ರಾಘವಾಂಕನದು. ಕಾಶಿಯ ಬೀದಿಯಲ್ಲಿ ಅರಸ ತನ್ನ ಅರಸಿಯನ್ನು ಮಾರುವ ಭಾಗ. ಹಿಂದಿನ ಬೆಂಚಿನಲ್ಲಿ ಹುಡುಗಿಯರು ಮೊಬೈಲು ಅಡಗಿಸಿಕೊಂಡು ವೃಂದಾಳ ಸುದ್ದಿಯನ್ನೇ ಪಿಸುಗುಟ್ಟುತ್ತಿದ್ದರು. ನನಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಚಂದ್ರಮತಿಯನ್ನೂ ಕ್ರಿಕೆಟ್ಟಿನ ಹುಡುಗಿಯರನ್ನೂ ಒಂದೇ ಅಂಗಡಿಯಲ್ಲಿ ನಿಲ್ಲಿಸಿ ಕಾಲು ಗಂಟೆ ಮಾತನಾಡಿದೆ. ಆಸ್ಟ್ರೇಲಿಯದವರು ಇನ್ನೂ ಮರ್ಯಾದಸ್ಥರು ಎಂದೂ ಹೇಳಿದೆ. ಅಲ್ಲಿ ಮೊಟ್ಟೆಯಾಕಾರದ ಚೆಂಡಿನ ಫುಟ್‌ಬಾಲು ಒಂದಿದೆ. ಹೆಂಗಸರ ಲೀಗು 2017ರಲ್ಲಿ ಎಂಟು ತಂಡಗಳೊಡನೆ ಆರಂಭವಾಯಿತು. ಅಲ್ಲಿ ಹೊಸ ಆಟಗಾರ್ತಿಯರನ್ನು ಕೂಗಿ ಕೊಳ್ಳುವುದಿಲ್ಲ, ಸರದಿಯಂತೆ ಆರಿಸಿಕೊಳ್ಳುತ್ತಾರೆ. ಡ್ರಾಫ್ಟ್ ಎಂದು ಅದರ ಹೆಸರು. ಹಿಂದಿನ ಸಲ ಕಡೆಯಲ್ಲಿ ಉಳಿದ ತಂಡಕ್ಕೆ ಮೊದಲ ಸರದಿ. ನಮ್ಮ ಬಡಿಸುವ ಪಂಕ್ತಿಯಲ್ಲಿ ಇಂಥ ನ್ಯಾಯವನ್ನು ನಾನು ಕಂಡಿಲ್ಲ. ಮೊದಲ ವರ್ಷಗಳಲ್ಲಿ ಹುಡುಗಿ ತನ್ನ ರಾಜ್ಯವನ್ನು ತಾನೇ ಸೂಚಿಸಬಹುದಾಗಿತ್ತು, ಆ ರಾಜ್ಯದ ತಂಡಗಳಷ್ಟೇ ಅವಳನ್ನು ಆರಿಸಬೇಕು. ಈ ಔದಾರ್ಯಕ್ಕೆ ಕಾರಣ ಬೇರೆಯೇ ಇತ್ತೆನ್ನಿ. ಮೊದಲ ಸಾಲಿನ ಕನಿಷ್ಠ ಸಂಬಳ 8,500 ಡಾಲರು. ಅಷ್ಟಕ್ಕಾಗಿ ಮನೆ, ಕೆಲಸ ಬಿಟ್ಟು ಇನ್ನೊಂದು ರಾಜ್ಯಕ್ಕೆ ಹೋಗೆಂದು ಯಾರನ್ನು ಒತ್ತಾಯಿಸುವುದು? ತರಗತಿಯಲ್ಲಿ ಈ ಕಾರಣವನ್ನು ನಾನು ಬಾಯಿಬಿಡಲಿಲ್ಲ. ವಾದದ ಭರದಲ್ಲಿ ಮೇಷ್ಟರು ಬಿಟ್ಟುಬಿಡುವ ಸಂಗತಿಗಳೇ ಹಾಗೆ.

ಗಂಟೆ ಬಾರಿಸಿದ ಮೇಲೆ ಒಬ್ಬಳು ಹಿಂದೆ ಬಂದಳು. ಕಾಲೇಜಿನ ಕಬಡ್ಡಿ ತಂಡದವಳು. ಮೊಣಕೈಯಲ್ಲಿ ಸದಾ ಒಂದು ಪಟ್ಟಿ.

"ಸರ್, ನಮ್ಮನ್ನು ಏಲಂಗೆ ಇಟ್ಟರೆ ಸಾಕಿತ್ತು."

ನಾನು ನಕ್ಕೆ. ಅವಳು ನಗಲಿಲ್ಲ.

"ನನ್ನ ಅಮ್ಮ ಬೀಡಿ ಕಟ್ಟುವುದು ಸರ್. ಸಾವಿರಕ್ಕೆ ಇಷ್ಟು ಅಂತ ಬೇರೆಯವರೇ ಹೇಳುವುದು. ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ಅದೂ ಇಲ್ಲ. ಜಾಸ್ತಿ ಕೊಡ್ತೇನೆ ಅಂತ ಅಮ್ಮನಿಗೋಸ್ಕರ ಇಬ್ಬರು ಜಗಳ ಮಾಡಿದ್ದು ನಾನು ನೋಡಲಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಆಟದ ಕತೆ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಗಂಡಸರ ಪ್ರೊ ಕಬಡ್ಡಿಗೆ 2014ರಿಂದ ಹರಾಜು ಉಂಟು. ಹೆಂಗಸರಿಗೆ 2016ರಲ್ಲಿ ಮೂರೇ ತಂಡಗಳ ಒಂದು ಪಂದ್ಯಾವಳಿ ಮಾಡಿದರು. ಮೂವರು ನಾಯಕಿಯರಲ್ಲಿ ಇಬ್ಬರು ನಮ್ಮವರು: ಕಾರ್ಕಳದ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ. ಹೈದರಾಬಾದಿನ ಅಂತಿಮ ಪಂದ್ಯದಲ್ಲಿ ಇವರಿಬ್ಬರೇ ಎದುರುಬದುರು, ತೇಜಸ್ವಿನಿಯ ತಂಡ ಗೆದ್ದದ್ದು ಒಂದೇ ಅಂಕದಿಂದ, 24-23. ಅಷ್ಟು ಚಂದದ ಆಟ! ಮರುವರ್ಷ ಅದು ನಡೆಯಲೇ ಇಲ್ಲ.

ಪತ್ತನಾಜೆ ಕಳೆದು ಯಕ್ಷಗಾನದವರು ಗೆಜ್ಜೆ ಬಿಚ್ಚಿದೊಡನೆ, ಮುಂದಿನ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳಕ್ಕೆ, ಎಷ್ಟಕ್ಕೆ, ಎಂದು ಇದೇ ಊರಿನ ಹೋಟೆಲುಗಳಲ್ಲಿ ನಾವು ಚಹಾ ಆರುವವರೆಗೂ ಮಾತಾಡುತ್ತೇವೆ. ಆಗ ನನಗೆ ಎಂದೂ ಚಂದ್ರಮತಿಯ ನೆನಪಾದದ್ದಿಲ್ಲ. ಒಳ್ಳೆಯ ಕಲಾವಿದನಿಗೆ ಒಳ್ಳೆಯ ಬೆಲೆ ಬಂತೆಂದು ಸಂತೋಷವೇ ಆಗಿದೆ. ಚಂದ್ರಮತಿಗಾದರೋ, ಬಂದ ಹಣದಲ್ಲಿ ಒಂದು ಕಾಸೂ ಅವಳ ಕೈಗೆ ಸೇರಲಿಲ್ಲ. ಈ ಸಣ್ಣ ವ್ಯತ್ಯಾಸ ಕಾಲು ಗಂಟೆಯ ಭಾಷಣದಲ್ಲಿ ನನಗೆ ಹೊಳೆದಿರಲಿಲ್ಲ. ಹಾಗೆಂದು ಏಲಂ ಎಂಬ ಮಾತು ಹಿತವಾಯಿತೆಂದಲ್ಲ. ಸುತ್ತಿಗೆಯ ಸದ್ದಿಗೆ ಈಗಲೂ ಬೆಚ್ಚುತ್ತೇನೆ. ಯಾರೂ ಕೂಗದೆ ಉಳಿದ ಹುಡುಗಿ ಆ ರಾತ್ರಿ ಮನೆಗೆ ಫೋನು ಮಾಡಿ ಏನೆಂದಳೋ ಎಂದು ಯೋಚಿಸುತ್ತೇನೆ.

"ಮತ್ತೆ ಇದು, ಸರ್," ಎಂದು ಹುಡುಗಿ ಚೀಟಿಯೊಂದನ್ನು ಮುಂದಿಟ್ಟಳು. ಅಂತರಕಾಲೇಜು ಪಂದ್ಯಕ್ಕೆ ಹೋದ ದಿನಗಳ ಹಾಜರಿ. ಎರಡು ತಿಂಗಳ ಹಿಂದೆ ಇದೇ ಚೀಟಿಯನ್ನು, ಕಬಡ್ಡಿ ಬೇಕೋ ಪಾಸಾಗುವುದು ಬೇಕೋ ಎಂದು ಕೇಳಿ ನಾನೇ ಹಿಂದಕ್ಕೆ ಕಳಿಸಿದ್ದೆ. ಮಡಿಕೆಗಳಲ್ಲಿ ಕಾಗದ ಹರಿಯಲು ಬಂದಿತ್ತು. ರುಜು ಹಾಕಿ ಕೊಟ್ಟೆ. ಅವಳು ಅಲ್ಲೇ ನಿಂತು ಬೆರಳೆಣಿಸಿದಳು.

"ಸರ್, ಇದರಲ್ಲಿ ಎರಡು ದಿನ ಕಡಿಮೆ ಉಂಟು."