ಊರಿನ ಹೆಸರು ಖಾಲಿ

18 ನವೆಂಬರ್ 2024, ಸೋಮವಾರ, ರಾಯಚೂರು

ಎಂ.ಕಾಂ. ಮಕ್ಕಳು ತುಂಬಿಕೊಟ್ಟ ಪ್ರಶ್ನಾವಳಿ ಓದುತ್ತಾ ಕೂತೆ. ಸ್ವಂತ ಉದ್ಯೋಗ ಒಳ್ಳೆಯದೇ ಎಂದು ಕೇಳಿದ್ದಕ್ಕೆ ಹುಡುಗರೂ ಹುಡುಗಿಯರೂ ಹೌದೆಂದೇ ಬರೆದಿದ್ದಾರೆ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಎಲ್ಲರ ಕಣ್ಣೂ ಮೊದಲು ಸರ್ಕಾರಿ ನೌಕರಿಯ ಮೇಲೆ, ಅದರಲ್ಲೂ ಭೇದವಿಲ್ಲ. ಯಾವ ಉದ್ಯೋಗ, ಯಾವ ಊರಲ್ಲಿ ಎಂಬ ಸಾಲಿಗೆ ಬಂದಾಗ ದಾರಿ ಎರಡಾಯಿತು. ಹುಡುಗರದು ಮಾನ್ವಿಯಲ್ಲಿ ಅಕ್ಕಿ ವ್ಯಾಪಾರ, ದೇವದುರ್ಗದಲ್ಲಿ ಬೀಜ-ಗೊಬ್ಬರದ ಅಂಗಡಿ. ಹುಡುಗಿಯರದು ಹೊಲಿಗೆ, ಬ್ಯೂಟಿ ಪಾರ್ಲರ್, ಖಡಕ್ ರೊಟ್ಟಿ. ಊರಿನ ಜಾಗವನ್ನು ಅವರಲ್ಲಿ ಬಹಳ ಮಂದಿ ಖಾಲಿ ಬಿಟ್ಟಿದ್ದಾರೆ.

19 ನವೆಂಬರ್, ಮಂಗಳವಾರ

ಖಾಲಿ ಯಾಕೆ ಎಂದು ಒಬ್ಬಳನ್ನು ಕೇಳಿದೆ. "ಮದಿವಿ ಯಾವೂರಿಗೆ ಆಗ್ತೈತೋ ಏನೋ ಮೇಡಂ. ಹೊಲಿಗಿ ಮಷಿನ್ ಆದ್ರ ಹೊತ್ಕೊಂಡು ಹೋಗಬಹುದು. ಗಿರಣಿ ಹೆಂಗ ಒಯ್ಯಬೇಕ್ರಿ?"

ಹುಡುಗಿಯರಿಗೆ ಧೈರ್ಯ ಕಡಿಮೆ ಎಂದು ಸೆಮಿನಾರುಗಳಲ್ಲಿ ಎಷ್ಟು ಸಲ ಕೇಳಿದ್ದೇನೆ! ಇದು ಧೈರ್ಯದ ಮಾತೇ ಅಲ್ಲ. ಎಲ್ಲಿ ಬಾಳಬೇಕೆಂಬುದು ತನ್ನ ಕೈಯಲ್ಲಿಲ್ಲದವಳು ಹೊತ್ತೊಯ್ಯಬಹುದಾದ ಕಸುಬನ್ನೇ ಆರಿಸುತ್ತಾಳೆ. ಮನುಷ್ಯನ ಉದ್ದೇಶವನ್ನು ರೂಪಿಸುವವು ಎಂದು 1991ರಲ್ಲಿ ಮನೋವಿಜ್ಞಾನಿ ಐಸೆಕ್ ಅಜೆನ್ ಹೇಳಿದ ಮೂರರಲ್ಲಿ, ಅಂದರೆ ಮನೋಭಾವ, ಸುತ್ತಲಿನವರ ನಿರೀಕ್ಷೆ, ತನ್ನ ಕೈಲಾದೀತೆಂಬ ನಂಬಿಕೆ ಇವುಗಳಲ್ಲಿ, ನಾವು ಮೊದಲನೆಯದನ್ನೇ ಅಳೆಯುತ್ತಾ ಬಂದಿದ್ದೇವೆ.

21 ನವೆಂಬರ್, ಗುರುವಾರ, ಮಾನ್ವಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಲೇ ಇಲ್ಲಿ ಭತ್ತ, ಭತ್ತದಿಂದ ಗಿರಣಿಗಳು. ಒಬ್ಬ ವಿದ್ಯಾರ್ಥಿನಿಯ ಮನೆಯ ಗಿರಣಿಗೆ ಹೋಗಿದ್ದೆ. ತೂಕದ ಚೀಟಿ, ರೈತರ ಬಾಕಿ, ಜಿಎಸ್‌ಟಿ ರಿಟರ್ನ್ ಎಲ್ಲ ಅವಳದೇ. "ಲೆಕ್ಕ ಮಗಳ ಕೈಯಾಗೈತ್ರಿ, ಗಿರಣಿ ಮಗನ ಹೆಸರಿಗೆ ಮಾಡ್ತೀವಿ," ಎಂದರು ಅವರಪ್ಪ, ಪ್ರೀತಿಯಿಂದಲೇ. ಇದೇ ಹುಡುಗಿ ವ್ಯಾಪಾರದ ಅನುಭವ ಎಂಬಲ್ಲಿ 'ಇಲ್ಲ' ಎಂದು ಬರೆದಿದ್ದಾಳೆ. ಮನೆಗೆ ಬಂದ ಮೇಲೂ ಆ 'ಇಲ್ಲ' ಎಂಬ ಒಂದು ಮಾತು ನನ್ನನ್ನು ಬಿಡಲೊಲ್ಲದು.

24 ನವೆಂಬರ್, ಭಾನುವಾರ, ದೇವದುರ್ಗ

ಗಬ್ಬೂರಿನ ದಾರಿಯುದ್ದಕ್ಕೂ ಹತ್ತಿ. ಬಿಡಿಸುವವರು ಹೆಂಗಸರು, ರಾಯಚೂರಿನ ಗಂಜ್ ಮಾರುಕಟ್ಟೆಗೆ ಹಾಕಿ ರೊಕ್ಕ ಎಣಿಸುವವರು ಗಂಡಸರು. ಮೆಣಸಿನಪುಡಿಯ ಘಟಕ ಹಾಕಬೇಕೆಂದು ಹಟ ಹಿಡಿದ ಹುಡುಗಿಯ ಮನೆಗೆ ಹೋದೆ. ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ 35% ಸಹಾಯಧನ, ಕೈಯಿಂದ ಹಾಕುವುದು 5% ಅಷ್ಟೇ. ಕಿರು ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆದರೂ ಬ್ಯಾಂಕೊಂದರಲ್ಲಿ ಅವಳನ್ನು ಮೊದಲು ಕೇಳಿದ್ದು ಪಹಣಿ ಯಾರ ಹೆಸರಲ್ಲಿದೆ ಎಂದು.

ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲೆಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು, ಕೇಂದ್ರಕ್ಕಿಂತ 11 ವರ್ಷ ಮೊದಲು. ಈ ಹುಡುಗಿಯ ಅಕ್ಕ ಮಾತ್ರ ಮದುವೆಯ ಮರುವರ್ಷ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದಾಳೆ. "ನಾ ಹಾಕಂಗಿಲ್ಲಬೇ ಯವ್ವಾ," ಎಂದಳು ಇವಳು, ನನ್ನೆದುರಿಗೇ. ತಾಯಿ ಬೈಯಲಿಲ್ಲ. "ಗಬ್ಬೂರಾಗ ನಮ್ಮಣ್ಣನ ಜಾಗ ಐತ್ರಿ ಮೇಡಂ, ಕೇಳಿ ನೋಡ್ತೀನಿ," ಅಂದರು.

25 ನವೆಂಬರ್, ಸೋಮವಾರ

ಪ್ರಶ್ನಾವಳಿ ತಿದ್ದಿದೆ. ಮನೆಯ ವ್ಯವಹಾರದಲ್ಲಿ ಸಂಬಳವಿಲ್ಲದೆ ಏನೇನು ಕೆಲಸ ಮಾಡುತ್ತೀರಿ? ಮದುವೆಯಾದ ಮೇಲೆ ಯಾವ ಊರಲ್ಲಿರುತ್ತೀರಿ, ಅದನ್ನು ತೀರ್ಮಾನಿಸುವವರು ಯಾರು? ಇವೆರಡೂ ಹುಡುಗರಿಗೂ ಇರಬೇಕು.

ಗುರುವಾರ ದೇವದುರ್ಗದ ಹುಡುಗಿಯ ಜೊತೆ ಬ್ಯಾಂಕಿಗೆ ನಾನೂ ಹೋಗುತ್ತೇನೆ. 10 ಲಕ್ಷದ ನಿಯಮದ ಪ್ರತಿ ತೆಗೆದಿಟ್ಟುಕೊಂಡಿದ್ದೇನೆ.