ಬಾಣದ ಬಾಯಿಗೆ ಎಷ್ಟು ಓರೆ

ಆಗಸ್ಟ್ 24, 2024, ಶನಿವಾರ
ಮ್ಯಾಡಿಸನ್, ವಿಸ್ಕಾನ್ಸಿನ್

ಬಿಲ್ಲುಬೇಟೆಯ ಕಾಲ ಸೆಪ್ಟೆಂಬರ್ 14ಕ್ಕೆ ಶುರು. ತಿಂಡಿ ಮುಗಿಸಿ ಗ್ಯಾರೇಜಿನ ಮೇಜಿನ ಮೇಲೆ ಅರ, ವಜ್ರದ ಪುಡಿ ಹಚ್ಚಿದ ಮಸೆಪಟ್ಟಿ, ಚರ್ಮದ ಪಟ್ಟಿ ಎಲ್ಲ ಹರಡಿಕೊಂಡೆ. ಮೊದಲು ಮೂರಲಗಿನ ಬ್ರಾಡ್‌ಹೆಡ್‌ಗಳು, ಅಂದರೆ ಬೇಟೆಬಾಣದ ಅಲಗುಳ್ಳ ಮೊನೆಗಳು. ಇವುಗಳಲ್ಲಿ ಕೋನದ ಚಿಂತೆಯೇ ಇಲ್ಲ. ಅಲಗುಗಳ ನಡುವೆ 120 ಡಿಗ್ರಿ ಇರುವುದರಿಂದ ಎರಡನ್ನು ಒಟ್ಟಿಗೆ ಅರದ ಮೇಲೆ ಒರಗಿಸಿ ಎಳೆದರೆ ಸಾಕು, ಪ್ರತಿ ಅಲಗಿಗೂ ಒಂದೊಂದು ಬದಿ 30ರಂತೆ ಒಟ್ಟು 60 ಡಿಗ್ರಿಯ ಬಾಯಿ ತಾನಾಗಿ ಬರುತ್ತದೆ. ಕೆಲಸ ಸಲೀಸು. ಆದರೆ ಆ ಬಾಯಿ ದಪ್ಪ. ಪಕ್ಕೆಲುಬಿಗೆ ಬಡಿದರೂ ತಡೆದುಕೊಳ್ಳುತ್ತದೆ, ಚರ್ಮ ಸೀಳುವಾಗ ಮಾತ್ರ ಹೆಚ್ಚು ಬಲ ಬೇಡುತ್ತದೆ. ನನ್ನದು ಐವತ್ತು ಪೌಂಡಿನ ರಿಕರ್ವ್ ಬಿಲ್ಲು, ಬಲವನ್ನು ಹಾಗೆ ಪೋಲು ಮಾಡುವಂತಿಲ್ಲ. ಈ ವರ್ಷ ಎರಡಲಗಿನದೇ ಸರಿ.

ಸೆಪ್ಟೆಂಬರ್ 1, ಭಾನುವಾರ

ಇಡೀ ದಿನ ಓರೆಯ ಲೆಕ್ಕದಲ್ಲೇ ಕಳೆಯಿತು. ಎರಡೂ ಬದಿ ಓರೆಯಿರುವ ಅಲಗಿಗೆ ಬದಿಗೆ 20 ಡಿಗ್ರಿ ಕೊಟ್ಟರೆ ಬಾಯಿಯ ಒಟ್ಟು ಕೋನ 40. ಒಂದೇ ಬದಿ ಓರೆಯಿರುವುದಕ್ಕೆ 25 ಡಿಗ್ರಿ ಕೊಟ್ಟರೆ ಒಟ್ಟೂ 25 ಮಾತ್ರ. ಅಂಕಿ ದೊಡ್ಡದಾಗಿ ಕಂಡರೂ ಬಾಯಿ ತೆಳು. ಡಾ. ಎಡ್ ಆಶ್ಬಿ ಆಫ್ರಿಕಾದಲ್ಲಿ ವರ್ಷಗಟ್ಟಲೆ ಬಾಣಗಳನ್ನು ಪರೀಕ್ಷಿಸಿ ಒಂದೋರೆಯ ಅಲಗನ್ನೇ ಎತ್ತಿಹಿಡಿದರು. ಓರೆ ಒಂದೇ ಕಡೆಗಿರುವುದರಿಂದ ಅಲಗು ಒಳಹೊಕ್ಕಂತೆ ತಿರುಗುತ್ತದೆ, ಆ ತಿರುಚಿಗೆ ಮೂಳೆ ಬಿರಿಯುತ್ತದೆ. ಬಾಣದ ಗರಿ ಯಾವ ಕಡೆ ತಿರುಗಿಸುತ್ತದೋ ಓರೆಯೂ ಅದೇ ಕಡೆ ತಿರುಗಿಸಬೇಕು. ಬಲಗರಿಗೆ ಬಲ ಓರೆ. ಎದುರುಬದುರಾದರೆ ಗರಿ ಕೊಟ್ಟ ತಿರುಗನ್ನು ಅಲಗು ಹೊಕ್ಕೊಡನೆ ನಿಲ್ಲಿಸಿ ಹಿಂದಕ್ಕೆ ತಿರುಗಿಸಬೇಕಾಗುತ್ತದೆ, ಬಾಣದ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ಓದಿದ್ದು ಸಾಲದು ಎಂದು ಮಾಂಸದಂಗಡಿಯಿಂದ ದನದ ಹೆಗಲಮೂಳೆ ತಂದು ಗುರಿಹಲಗೆಯ ಮುಂದೆ ಕಟ್ಟಿದೆ. ಒಂದೋರೆಯ ಎರಡು ಅಲಗು: ಒಂದು 18 ಡಿಗ್ರಿ, ಇನ್ನೊಂದು 25. ಹದಿನೆಂಟರದು ಮಸೆದಾಗ ಮುಂಗೈ ಕೂದಲನ್ನು ಮುಟ್ಟುವ ಮೊದಲೇ ಉದುರಿಸಿತ್ತು. ಮೂಳೆ ದಾಟಿ ಬಂದಾಗ ತುದಿಯ ಹತ್ತಿರ ಅದರ ಬಾಯಿ ಒಂದು ಬದಿಗೆ ಮಡಚಿತ್ತು. ಭೂತಗನ್ನಡಿಯೇ ಬೇಡ, ಬೆಳಕಿಗೆ ಹಿಡಿದರೆ ಬಿಳಿಗೆರೆಯಾಗಿ ಹೊಳೆಯುತ್ತಿತ್ತು. ಇಪ್ಪತ್ತೈದರದ್ದು ಮೂಳೆಯನ್ನು ಉದ್ದಕ್ಕೆ ಬಿರಿಸಿ ಹೋಗಿತ್ತು. ಅದರಲ್ಲೇ ಕಾಗದ ಸೀಳಿದೆ, ಎಲ್ಲೂ ತಡೆಯದೆ ಹೋಯಿತು. ಮೂಳೆ ದಾಟಿದ ಮೇಲೂ ಶ್ವಾಸಕೋಶ ಕೊಯ್ಯುವಷ್ಟು ಹರಿತ ಉಳಿಯಬೇಕು, ನನಗೆ ಬೇಕಾದ್ದು ಅದು. ಗ್ಯಾರೇಜಿನಲ್ಲಿ ಕೂದಲು ಉದುರಿಸುವುದಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಇಂದು ಕೊಡಗಿನಲ್ಲಿ, ನಮ್ಮ ಊರಿನಲ್ಲಿ, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್. ನಾಟಿ ಮುಗಿಸಿದ ಮನೆಗಳಲ್ಲಿ ಕೋವಿ, ಒಡಿಕತ್ತಿ ಎಲ್ಲ ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ ದೀಪದ ಮುಂದೆ ಇಟ್ಟಿರುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆಯುಧಪೂಜೆ ಉಳಿಯಿತು, ಬೇಟೆಯ ಜಾಗಕ್ಕೆ ತೆಂಗಿನಕಾಯಿಗೆ ಗುರಿ ಇಡುವ ಆಟ ಬಂತು. ಅದು ಸರಿಯಾದ ಕಾಯ್ದೆ ಎಂದೇ ನನ್ನ ಭಾವನೆ. ಆದರೆ ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಜಿಂಕೆಗಳು ಲಕ್ಷಗಟ್ಟಲೆ ಇವೆ, ಪರವಾನಗಿಗೆ ಲೆಕ್ಕವಿದೆ. ಬಿಲ್ಲು ಬಾಣ ದೇವರ ಮುಂದಿಟ್ಟು ಕೈಮುಗಿದೆ. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ: “ಚೆನ್ನಾಗಿ ಮಸೆದಿದ್ದೀಯಾ ಮಗಾ? ಪ್ರಾಣಿ ನರಳಬಾರದು.” ಸಂಜೆ ಪಂದಿಕರಿ, ಕಡಂಬುಟ್ಟು.

ಸೆಪ್ಟೆಂಬರ್ 8, ಭಾನುವಾರ

ಅವ್ವನ ಮಾತು ತಲೆಯಲ್ಲೇ ಇದೆ. ಬಂದೂಕಿನ ಗುಂಡಿನಂತೆ ಬಾಣ ಹೊಡೆತದಿಂದ ಕೆಡವುವುದಿಲ್ಲ, ರಕ್ತ ಹರಿಸಿ ಕೊಲ್ಲುತ್ತದೆ. ಮೊಂಡು ಅಲಗು ರಕ್ತನಾಳವನ್ನು ಪಕ್ಕಕ್ಕೆ ತಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಹರಿದ ಅಂಗಾಂಶದಿಂದ ಹೊರಬೀಳುವ ದ್ರವ್ಯಗಳು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತವೆ, ಪ್ರಾಣಿ ಗಾಯ ಹೊತ್ತು ಮೈಲಿಗಟ್ಟಲೆ ಹೋಗುತ್ತದೆ. ನುಣುಪಾಗಿ ಕೊಯ್ದ ನಾಳ ತಡೆಯಿಲ್ಲದೆ ಸುರಿಯುತ್ತದೆ. ಎರಡೂ ಶ್ವಾಸಕೋಶ ಕೊಯ್ದಿದ್ದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಅರದ ಹಲ್ಲುಗೆರೆ ಉಳಿದ ಒರಟು ಬಾಯಿಯೇ ಒಳ್ಳೆಯದು ಎನ್ನುವ ಹಳಬರು ಇಲ್ಲಿದ್ದಾರೆ. ನಾನು ಒಪ್ಪುವುದಿಲ್ಲ.

ರಾತ್ರಿ ಸ್ಯಾಕ್ಸ್‌ಟನ್ ಪೋಪ್ ಅವರ 1923ರ ಬಿಲ್ಲುಬೇಟೆಯ ಪುಸ್ತಕ ತೆಗೆದೆ. ಕ್ಯಾಲಿಫೋರ್ನಿಯಾದ ಈ ವೈದ್ಯರಿಗೆ ಬಿಲ್ಲು ಹಿಡಿಯಲು ಕಲಿಸಿದವನು ಯಾಹಿ ಜನರಲ್ಲಿ ಕೊನೆಗುಳಿದ ಇಶಿ. 1911ರಲ್ಲಿ ಓರೊವಿಲ್ ಬಳಿ ಕಾಡಿನಿಂದ ಒಬ್ಬನೇ ಹೊರಬಂದವನು, 1916ರಲ್ಲಿ ತೀರಿಕೊಂಡ. ಜ್ವಾಲಾಮುಖಿಯ ಗಾಜುಕಲ್ಲನ್ನು ಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸಿ ಮೊನೆ ಮಾಡುತ್ತಿದ್ದ. ಉಕ್ಕಿಗಿಂತ ತೆಳುವಾದ ಬಾಯಿ ಅದು, ಮೂಳೆಗೆ ತಾಕಿದರೆ ಮುರಿಯುವಂಥದ್ದು. ಹರಿತಕ್ಕೂ ಗಟ್ಟಿತನಕ್ಕೂ ನಡುವಿನ ಈ ಜಗ್ಗಾಟ ಅವನ ಕೈಯಲ್ಲೂ ಇತ್ತು.

ಸೆಪ್ಟೆಂಬರ್ 12, ಗುರುವಾರ

ಕೊನೆಯ ಸುತ್ತು. ಓರೆಯ ಮೇಲೆ ಕಪ್ಪು ಮಾರ್ಕರ್ ಬಳಿದು ಒಂದೇ ಒಂದು ಎಳೆತ ಎಳೆದು ನೋಡುತ್ತೇನೆ. ಶಾಯಿ ಮೇಲಂಚಿನಲ್ಲಿ ಮಾತ್ರ ಅಳಿಸಿದ್ದರೆ ಕೋನ ಕಡಿಮೆ, ಬಾಯಲ್ಲಿ ಮಾತ್ರ ಅಳಿಸಿದ್ದರೆ ಹೆಚ್ಚು. ಇಡೀ ಓರೆ ಸಮನಾಗಿ ಬೆಳ್ಳಗಾಗಬೇಕು. ಹಿಂಬದಿಯಲ್ಲಿ ಉಕ್ಕಿನ ಸಣ್ಣ ಏಣು ಏಳುವವರೆಗೆ ಬಿಡಬಾರದು. ಹೆಬ್ಬೆರಳನ್ನು ಅಡ್ಡಕ್ಕೆ ಸವರಿದರೆ ಅದು ಬುಡದಿಂದ ತುದಿಯವರೆಗೂ ತಾಕಬೇಕು. ಆಮೇಲೆ ಹಿಂಬದಿಯನ್ನು ಚಪ್ಪಟೆ ಇಟ್ಟು ಹಗುರವಾಗಿ ಒರೆಸಿ ಆ ಏಣು ತೆಗೆದು, ಹಸಿರು ಪೇಸ್ಟ್ ಹಚ್ಚಿದ ಚರ್ಮದ ಮೇಲೆ ಬೆನ್ನು ಮುಂದಾಗಿ ಎಳೆಯುವುದು. ಇಪ್ಪತ್ತೈದು ಡಿಗ್ರಿಯೋ ಇಪ್ಪತ್ತಾರೋ ಎಂಬುದಕ್ಕಿಂತ ಮೊದಲ ಎಳೆತದಿಂದ ಕೊನೆಯದರವರೆಗೆ ಕೋನ ಅಲುಗದಿರುವುದು ಮುಖ್ಯ. ಅದಕ್ಕೇ ಬರಿಗೈ ನಂಬದೆ ಅಲಗನ್ನು ಹಿಡಿಕೆಗೆ ಕಚ್ಚಿಸಿಯೇ ಮಸೆಯುತ್ತೇನೆ.

ಹರಿತ ನೋಡಲು ಡಬ್ಬಿಗೆ ರಬ್ಬರ್‌ಬ್ಯಾಂಡ್ ಬಿಗಿದು ಅಲಗನ್ನು ಮೆಲ್ಲಗೆ ತಾಕಿಸಿದೆ. ಎಲ್ಲ ತಾಕಿದೊಡನೆ ಕತ್ತರಿಸಿದವು, ಒಂದರ ಬುಡದ ಹತ್ತಿರ ಮಾತ್ರ ರಬ್ಬರ್ ಜಾರಿತು. ಆ ಬಾಣವನ್ನು ಅಭ್ಯಾಸದ ಗೊಂಚಲಿಗೆ ಹಾಕಿದೆ, ಭಾನುವಾರ ಅದನ್ನು ಮೊದಲಿನಿಂದ ಮಸೆಯಬೇಕು. ಉಳಿದವಕ್ಕೆ ತೆಳುವಾಗಿ ಎಣ್ಣೆ ಸವರಿ ಬತ್ತಳಿಕೆಗೆ ಸೇರಿಸಿದ್ದೇನೆ. ಹೊಡೆಯದೆ ಹಿಂದೆ ತಂದರೂ ಇಬ್ಬನಿಗೆ ಬಾಯಿ ಕಂದುತ್ತದೆ. ಕಾಡಿಗೆ ಹೋಗಿ ಬಂದ ಪ್ರತಿ ಸಂಜೆಯೂ ಚರ್ಮದ ಪಟ್ಟಿ ಮೇಜಿನ ಮೇಲೇ ಇರಲಿ.