ಅಜ್ಜಿಯ ಜೊತೆ ದವಾಖಾನೆಗೆ ಹೋಗಿ ಬನ್ನಿ



ನಮ್ಮ ಸಂಘದ ಪತ್ರಿಕೆಯಲ್ಲಿ ನಿಮಗಾಗಿ ಬರೆಯುವವರು ಸಾಮಾನ್ಯವಾಗಿ ಭಾಷೆ, ಸಂಸ್ಕೃತಿ, ಹಬ್ಬ ಹರಿದಿನಗಳ ಬಗ್ಗೆ ಬರೆಯುತ್ತಾರೆ. ಪ್ರತಿ ನವೆಂಬರಿನಲ್ಲೂ "ಕನ್ನಡ ಕಲಿಯಿರಿ, ಕನ್ನಡ ಮಾತಾಡಿರಿ" ಎಂಬ ಉಪದೇಶ ನಿಮಗೆ ತಪ್ಪಿದ್ದಲ್ಲ. ಕೇಳಿ ಕೇಳಿ ಸಾಕಾಗಿರಲೂಬಹುದು. ನಾನೂ ಕಡೆಗೆ ಆ ಮಾತಿಗೇ ಬರುವವನು. ಆದರೆ ಬೇರೆ ದಾರಿಯಿಂದ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ನಾನು ವೈದ್ಯನಲ್ಲ. ಸಿಕಂದರಾಬಾದಿನ ರೈಲ್ವೆ ಲೆಕ್ಕಪತ್ರ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ಮೂಲ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಒಂದು ಹಳ್ಳಿ. ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, 1956ರ ನವೆಂಬರ್ 1ರವರೆಗೆ ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ, ದೊಡ್ಡ ಕಾಯಿಲೆಗೆ ನಮ್ಮ ಜನ ಈ ಊರಿಗೆ ಬರುವುದು ಹೊಸದೇನಲ್ಲ. ನಾನು ಬಂದದ್ದು 1974ರಲ್ಲಿ. 1983ರಲ್ಲಿ ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿ, ಊರಿನಲ್ಲಿ ಒಬ್ಬಳೇ ಇದ್ದ ಅಮ್ಮನನ್ನು ಕರೆತಂದೆ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ತರಕಾರಿ ಗಾಡಿಯವನ ಹತ್ತಿರ ಕೈಸನ್ನೆಯಲ್ಲೇ ಚೌಕಾಶಿ ಮಾಡುತ್ತಿದ್ದಳು, ಅದರಲ್ಲಿ ಗೆಲ್ಲುತ್ತಲೂ ಇದ್ದಳು.

1997ರ ಮಳೆಗಾಲದಲ್ಲಿ ಅವಳಿಗೆ ತಲೆಸುತ್ತು ಬಂತು. ಬಡಾವಣೆಯ ವೈದ್ಯರೊಬ್ಬರ ಹತ್ತಿರ ಕರೆದೊಯ್ದೆ. ಅವರು ಎರಡು ಸಲ ಬಿ.ಪಿ. ನೋಡಿದರು, ಒಂದು ತಿಂಗಳಿಗೆ ಗುಳಿಗೆ ಬರೆದರು. ಆಮೇಲೆ ತೆಲುಗಿನಲ್ಲಿ ನನಗೆ ವಿವರವಾಗಿ ಹೇಳಿದರು: ಇದು ವಾಸಿಯಾಗಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡುವ ಕಾಯಿಲೆ, ಆರಾಮ ಅನ್ನಿಸಿದರೂ ಗುಳಿಗೆ ನಿಲ್ಲಿಸಬಾರದು, ಉಪ್ಪು ಕಡಿಮೆ ಮಾಡಬೇಕು, ತಿಂಗಳಿಗೊಮ್ಮೆ ತೋರಿಸಬೇಕು. ಪಾಪ, ಅವರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಅಮ್ಮ ಪಕ್ಕದಲ್ಲಿ ಕೂತು ನನ್ನ ಮುಖ ನೋಡುತ್ತಿದ್ದಳು. ಹೊರಗೆ ಬಂದಮೇಲೆ "ಏನಂದ್ರಪ್ಪ ಡಾಕ್ಟ್ರು?" ಅಂದಳು. ಅಂದು ತಿಂಗಳ ಕೊನೆ, ಕಚೇರಿಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. "ಏನಿಲ್ಲ, ದಿನಾ ಮುಂಜಾನೆ ಒಂದು ಗುಳಿಗಿ ನುಂಗು" ಅಂದೆ. ಐದು ನಿಮಿಷದ ಮಾತನ್ನು ಐದಾರು ಶಬ್ದಕ್ಕೆ ಇಳಿಸಿಬಿಟ್ಟೆ.

ಅಮ್ಮ ದಿನಕ್ಕೊಂದರಂತೆ ಮೂವತ್ತು ದಿನ ನುಂಗಿದಳು. ಮುಗಿಯಿತು, ನಿಲ್ಲಿಸಿದಳು. ನನ್ನ ಹೆಂಡತಿ ಒಮ್ಮೆ ಕೇಳಿದ್ದಳಂತೆ. "ಗುಳಿಗಿ ಮುಗದಾವ, ನನಗೇನಾಗೇದ? ಆರಾಮ ಇದ್ದೀನಿ" ಎಂದು ಉತ್ತರ ಬಂತಂತೆ. ಜ್ವರದ ಗುಳಿಗೆಯ ಹಾಗೆ ಇದೂ ಒಂದು ಎಂದು ಅವಳ ಲೆಕ್ಕ. ಬೇಕಿದ್ದರೆ ನಾನು ತಂದುಕೊಡುತ್ತಿದ್ದೆ ಎಂದು ನನ್ನ ಹೆಂಡತಿಯ ಲೆಕ್ಕ. ಅವಳು ತರಿಸುತ್ತಿರಬೇಕು ಎಂದು ನನ್ನ ಲೆಕ್ಕ. ಲೆಕ್ಕಪತ್ರ ಕಚೇರಿಯವನ ಮನೆಯ ಲೆಕ್ಕ ಹೀಗಿತ್ತು ನೋಡಿ.

1998ರ ಜನವರಿಯ ಒಂದು ನಸುಕಿನಲ್ಲಿ ಅಮ್ಮನ ಕೈಯಿಂದ ನೀರಿನ ಚಂಬು ಜಾರಿತು. ಮಾತು ತೊದಲಿತು, ಬಾಯಿ ಒಂದು ಕಡೆ ವಾಲಿತು. ಚಳಿಗೆ ವಾಯು ಆಗಿದೆ ಎಂದುಕೊಂಡು ನಾವು ಬಿಸಿ ಎಣ್ಣೆ ತಿಕ್ಕಿದೆವು, ಶುಂಠಿ ಕಷಾಯ ಕುಡಿಸಲು ನೋಡಿದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ಬಿ.ಪಿ. ಗುಳಿಗೆ ತಗೊಳ್ತಾರಾ?" ಎಂದು ಕೇಳಿದಾಗ ನಾನು ಧೈರ್ಯವಾಗಿ "ಹೌದು, ದಿನಾ" ಎಂದೆ. ಸಂಜೆ ಮನೆಗೆ ಬಂದು ಅವಳ ತಗಡಿನ ಡಬ್ಬಿ ತೆರೆದರೆ ಖಾಲಿ ಗುಳಿಗೆ ಪಟ್ಟಿ, ಅದರ ಸುತ್ತ ಅಚ್ಚುಕಟ್ಟಾಗಿ ಮಡಚಿಟ್ಟ ಚೀಟಿ. ಚೀಟಿಯ ಮೇಲಿನ ತಾರೀಖು ಐದು ತಿಂಗಳ ಹಿಂದಿನದು.

ಅಮ್ಮ ಆಮೇಲೆ ಆರು ವರ್ಷ ಬದುಕಿದ್ದಳು. ಬಲಗೈ ಮತ್ತೆ ಏಳಲಿಲ್ಲ. ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದ ಕೈ ಅದು. ಮಾತು ಹತ್ತಾರು ಶಬ್ದಗಳಿಗೆ ನಿಂತುಹೋಯಿತು. ಅವಳು ನನ್ನನ್ನು ಎಂದೂ ಬೈಯಲಿಲ್ಲ. ಬೈಯುವ ಶಬ್ದಗಳು ಅವಳ ಹತ್ತಿರ ಉಳಿದಿರಲಿಲ್ಲವೋ ಏನೋ, ನನಗೆ ತಿಳಿಯದು.

ಇದನ್ನು ಇಷ್ಟು ವರ್ಷ ಯಾರಿಗೂ ಬರೆದು ಹೇಳಿರಲಿಲ್ಲ. ಈಗ ನಿಮಗೆ ಹೇಳುವುದಕ್ಕೆ ಕಾರಣವಿದೆ. ಅಂದು ನಾನು ಕೂತಿದ್ದ ಜಾಗದಲ್ಲಿ ಇಂದು ನೀವು ಕೂತಿದ್ದೀರಿ. ವೈದ್ಯರ ತೆಲುಗು, ಇಂಗ್ಲಿಷು ನಿಮಗೆ ನೀರು ಕುಡಿದಷ್ಟು ಸಲೀಸು. ಅಜ್ಜ ಅಜ್ಜಿಯರಿಗೆ ಅದು ಬಾರದು. ನಡುವೆ ಇರುವವರು ನೀವು.

ರೋಗಿಗೆ ತಿಳಿವಳಿಕೆ ಕೊಡುವುದೂ ಚಿಕಿತ್ಸೆಯ ಒಂದು ಭಾಗ ಎಂದು ವೈದ್ಯರು ಹೇಳುತ್ತಾರೆ. ಬಿ.ಪಿ.ಯ ಮಟ್ಟಿಗಂತೂ ಅದು ಅರ್ಧ ಚಿಕಿತ್ಸೆ. ಏಕೆಂದರೆ ಅದು ನೋಯುವುದಿಲ್ಲ. ಅಳೆದಾಗ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ದಾಟಿ ಮತ್ತೆ ಮತ್ತೆ ಬಂದರೆ ಕಾಯಿಲೆ ಇದೆ ಎಂದರ್ಥ. ಅಂಥವರಿಗೆ ಎಷ್ಟೋ ಸಲ ಏನೂ ಅನ್ನಿಸುವುದಿಲ್ಲ. ಏನೂ ಅನ್ನಿಸದವರು ದಿನಾ ಗುಳಿಗೆ ನುಂಗಬೇಕಾದರೆ ಅದೇಕೆಂದು ಅವರಿಗೆ ತಿಳಿದಿರಬೇಕಲ್ಲವೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 31.5 ಕೋಟಿ ಜನರಿಗೆ ರಕ್ತದೊತ್ತಡ, 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ನಿಮ್ಮ ಮನೆಯಲ್ಲಿ ಒಬ್ಬರಾದರೂ ಇರುವುದು ಬಹುತೇಕ ಖಂಡಿತ. ದಿನಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚೆಯಷ್ಟೂ ಬೇಡ. ನಮ್ಮ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ಈ ಲೆಕ್ಕಕ್ಕೆ ಸೇರಿಸಿ ನೋಡಿ.

ಪಾರ್ಶ್ವವಾಯುವಿನ ವಿಷಯದಲ್ಲಿ ಮೂರನ್ನು ನೆನಪಿಡಿ: ಮುಖ, ತೋಳು, ಮಾತು. ನಗಲು ಹೇಳಿದರೆ ಮುಖ ಒಂದು ಕಡೆ ವಾಲುವುದು, ಎರಡೂ ತೋಳು ಎತ್ತಲು ಹೇಳಿದರೆ ಒಂದು ಕೆಳಗೆ ಬೀಳುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಎಣ್ಣೆ ಹುಡುಕಬೇಡಿ, ಗಡಿಯಾರ ನೋಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸ್ಕ್ಯಾನ್ ಮಾಡಿದ ಮೇಲೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಕಾಲಕ್ಕೆ ಅಂಬುಲೆನ್ಸಿಗೆ ಅಲೆಯಬೇಕಿತ್ತು. 108ರ ಸೇವೆ 2005ರ ಆಗಸ್ಟ್ 15ರಂದು ನಮ್ಮ ಹೈದರಾಬಾದಿನಲ್ಲೇ ಶುರುವಾಯಿತು. ಆ ಅನುಕೂಲ ನಿಮಗಿದೆ.

ಇನ್ನು ಜ್ವರದ ಮಾತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಕಂಡದ್ದು ಸಿಕಂದರಾಬಾದಿನ ಬೇಗಂಪೇಟೆಯಲ್ಲಿ, 1897ರ ಆಗಸ್ಟ್ 20ರಂದು. ಅದಕ್ಕೆ ಎರಡು ವರ್ಷ ಮೊದಲು ಅವರನ್ನು ಕಾಲರಾ ತಡೆಯುವ ಕೆಲಸಕ್ಕೆ ಬೆಂಗಳೂರಿಗೆ ಕಳಿಸಿದ್ದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಆ ಬೇಗಂಪೇಟೆ ನಮ್ಮ ಮಲ್ಕಾಜ್‌ಗಿರಿಗೆ ಏನು ಮಹಾ ದೂರ? ಆದರೂ ಪ್ರತಿ ಮಳೆಗಾಲ ನಮ್ಮ ಗಲ್ಲಿಯಲ್ಲಿ ಡೆಂಗ್ಯೂ ಬರುತ್ತದೆ. ಚರಂಡಿಯನ್ನು ಬೈಯುತ್ತೇವೆ; ಡೆಂಗ್ಯೂ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಮನೆಯೊಳಗಿನ ತಿಳಿನೀರಿನಲ್ಲಿ. ನಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ಕಾಲದಿಂದ ನಮಗೆ ಡ್ರಮ್ಮುಗಳಲ್ಲಿ ನೀರು ತುಂಬಿಡುವ ಅಭ್ಯಾಸ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು, ಕೂಲರು, ಹೂಕುಂಡದ ತಟ್ಟೆ ಬರಿದು ಮಾಡಿ ಉಜ್ಜಿ ಒಣಗಿಸಿದರೆ ಅದರ ಸಂಸಾರ ಮುರಿಯಿತು. ಈ ಸೊಳ್ಳೆ ಕಚ್ಚುವುದೂ ಹಗಲಿನಲ್ಲಿ. ಡೆಂಗ್ಯೂ ಶಂಕೆ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿದ ದಿನ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಪಾಯ ಶುರುವಾಗಬಹುದಾದ್ದೂ ಆಗಲೇ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡಬಾರದು.

ವಾಂತಿ ಭೇದಿಗೆ ಓ.ಆರ್.ಎಸ್. ಎಂಬುದು ನಿಮಗೆ ಗೊತ್ತು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಾಲನಬೀಸ್ ಸಕ್ಕರೆ ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ನರ್ಸುಗಳಲ್ಲ, ತಾಯಂದಿರು, ಅಣ್ಣತಮ್ಮಂದಿರು ಕುಡಿಸಿದರು ಎಂಬುದನ್ನು ಗಮನಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಇದಕ್ಕಿಂತ ಹೆಚ್ಚು ಸಕ್ಕರೆ ಹಾಕಿದರೆ ಭೇದಿ ಹೆಚ್ಚುತ್ತದೆ. ಓ.ಆರ್.ಎಸ್. ಎಂಬ ಹೆಸರು ಹೊತ್ತು ಅಂಗಡಿಗೆ ಬಂದ ಸಿಹಿ ಪಾನೀಯಗಳ ವಿರುದ್ಧ ನಮ್ಮ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆದೇಶಿಸಿತು. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದುವುದೂ ಆರೋಗ್ಯದ ಕೆಲಸವೇ.

ಗುಳಿಗೆ ನಡುವೆ ನಿಲ್ಲಿಸುವ ನಮ್ಮ ಅಮ್ಮನ ಕಥೆ ಕ್ಷಯದಲ್ಲಿ ದಿನವೂ ನಡೆಯುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ, ಸರ್ಕಾರ ಉಚಿತವಾಗಿ ಕೊಡುತ್ತದೆ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಾಗ ರೋಗಿ ನಿಲ್ಲಿಸುತ್ತಾನೆ. ಉಳಿದ ಕ್ರಿಮಿಗಳು ಮದ್ದಿಗೆ ಬಗ್ಗದಂತಾಗಿ ಮತ್ತೆ ಏಳಬಹುದು. ಎರಡು ವಾರ ಬಿಡದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ನೆಗಡಿಗೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದೂ ಇದೇ ಜಾತಿಯ ತಪ್ಪು. ಪಟ್ಟಿಯ ಮೇಲೆ ಕೆಂಪು ಗೀಟು ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಮದ್ದಲ್ಲ.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಜನರಿಗೆ ಆರೋಗ್ಯ ತಿಳಿಸಿದ ವೈದ್ಯರು ಕಡಿಮೆಯೇನಲ್ಲ. 'ಕೊರವಂಜಿ' ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು', 'ಕೇಳು ಕಿಶೋರಿ' ನನ್ನ ಹೆಂಡತಿಯ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳನ್ನು ಎಣಿಸುವುದೇ ಕಷ್ಟ. ಪುಸ್ತಕ ಇದೆ, ಆದರೆ ಅಜ್ಜಿಗೆ ಕಣ್ಣು ಮಂಜು, ಮೊಮ್ಮಗನಿಗೆ ಲಿಪಿ ಬಾರದು.

ಹೋದ ವರ್ಷ ನಮ್ಮ ಪಕ್ಕದ ಮನೆಯ ಅಜ್ಜಿ "ಎದಿಯೊಳಗ ಸಂಕಟ ಆಗ್ತದ" ಎಂದರು. ಜೊತೆಗಿದ್ದ ಮೊಮ್ಮಗ, ಬಲು ಬುದ್ಧಿವಂತ ಹುಡುಗ, ವೈದ್ಯರಿಗೆ "ಅಜ್ಜಿಗೆ ಟೆನ್ಶನ್" ಎಂದು ಹೇಳಿದ. ಅವನು ಓದಿದ ಕನ್ನಡದಲ್ಲಿ ಸಂಕಟ ಎಂದರೆ ದುಃಖ. ನಮ್ಮ ಕಡೆ ಸಂಕಟ ಎಂದರೆ ವಾಂತಿ ಬಂದಂತಾಗುವುದು, ಒಳಗೆಲ್ಲ ಕಲಕಿದಂತಾಗುವುದು. ಪುಣ್ಯಕ್ಕೆ ನಾನು ಜೊತೆಗಿದ್ದೆ, ಹಾಗಲ್ಲವೆಂದು ಬಿಡಿಸಿ ಹೇಳಿದೆ. ಕೂಡಲೇ ಇ.ಸಿ.ಜಿ. ತೆಗೆದರು. ಹೃದಯದ ತೊಂದರೆಯೇ ಆಗಿತ್ತು. ಅಜ್ಜಿ ಈಗ ಆರಾಮ ಇದ್ದಾರೆ. ಆ ಹುಡುಗ ಅಂದಿನಿಂದ ಅಜ್ಜಿಯ ಹತ್ತಿರ ಕೂತು ಜೋಮು, ಸೆಳೆತ, ಉರಿ, ನುಲಿತ, ಕಣ್ಣು ಕತ್ತಲೆ ಬರುವುದು ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದಾನೆ. ಯಾವ ಕನ್ನಡ ತರಗತಿಯಲ್ಲೂ ಈ ಪಾಠ ನಡೆದಿರಲಿಕ್ಕಿಲ್ಲ.

ನನ್ನ ಬಿನ್ನಹ ಇಷ್ಟೇ. ಮುಂದಿನ ಸಲ ಮನೆಯ ಹಿರಿಯರು ದೊಡ್ಡ ಆಸ್ಪತ್ರೆಗೋ, 2018ರಿಂದ ನಮ್ಮ ಬಸ್ತಿಗಳಲ್ಲಿ ತೆರೆದಿರುವ ಬಸ್ತಿ ದವಾಖಾನೆಗೋ ಹೊರಟಾಗ ನೀವೂ ಹೋಗಿ. ವೈದ್ಯರನ್ನು ಕೇಳಿ: ಕಾಯಿಲೆ ಏನು? ಈ ಗುಳಿಗೆ ಯಾತಕ್ಕೆ? ಎಷ್ಟು ದಿನ? ಯಾವ ಲಕ್ಷಣ ಕಂಡರೆ ಓಡಿ ಬರಬೇಕು? ಮತ್ತೆ ಯಾವಾಗ ತೋರಿಸಬೇಕು? ಕೇಳಿದರೆ ವೈದ್ಯರಿಗೆ ಅವಮಾನವಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಅಷ್ಟನ್ನೂ, ಒಂದನ್ನೂ ಬಿಡದೆ, ಅವರ ಕನ್ನಡದಲ್ಲಿ ಹೇಳಿ. ಹೇಳಿದ್ದನ್ನು ಅವರ ಬಾಯಿಂದ ತಿರುಗಿ ಹೇಳಿಸಿ. ಆಗಲೇ ತಿಳಿಯಿತೋ ಇಲ್ಲವೋ ಗೊತ್ತಾಗುವುದು. ಗುಳಿಗೆ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಮುಂಜಾನೆ", "ರಾತ್ರಿ", "ನಿಲ್ಲಿಸಬೇಡ" ಎಂದು ಬರೆದು ಅಂಟಿಸಿ. ಅದಕ್ಕೆ ಬೇಕಾದಷ್ಟು ಲಿಪಿ ಒಂದು ಭಾನುವಾರದಲ್ಲಿ ಬರುತ್ತದೆ. ಬಾರದಿದ್ದರೆ ನಮ್ಮ ಮನೆಗೆ ಬನ್ನಿ, ಕಲಿಸುತ್ತೇನೆ.

ಅಮ್ಮನ ತಗಡಿನ ಡಬ್ಬಿ ಈಗ ನನ್ನ ಬಳಿ ಇದೆ. ನನಗೂ ಬಿ.ಪಿ. ಬಂದು ಹನ್ನೆರಡು ವರ್ಷವಾಯಿತು. ಗುಳಿಗೆ ಅದರಲ್ಲೇ ಇಡುತ್ತೇನೆ. ಮುಚ್ಚಳದ ಮೇಲೆ ನನ್ನ ಮೊಮ್ಮಗಳು ಸೊಟ್ಟ ಸೊಟ್ಟ ಕನ್ನಡದಲ್ಲಿ "ತಾತಾ, ಮುಗಿಯುವ ಮೊದಲೇ ಹೇಳು" ಎಂದು ಬರೆದು ಅಂಟಿಸಿದ್ದಾಳೆ. ನಾನು ಹೇಳುತ್ತೇನೆ, ಅವಳು ತಂದುಕೊಡುತ್ತಾಳೆ.